ಪೋರ್ತೊವೆನೆರೆಯೋ, ವೆರ್ನಾತ್ಸಾವೋ?

ಇಟಲಿಯ ಲಿಗೂರಿಯಾ ಕರಾವಳಿಗೆಂದು ಒಂದೇ ದಿನ ಇಟ್ಟುಕೊಂಡವರಿಗೆ ಈ ಗೊಂದಲ ತಪ್ಪಿದ್ದಲ್ಲ. ಎರಡೂ ಕಡಲಿಗೆ ಮೂಗು ಚಾಚಿ ಕೂತ ಹಳೆಯ ಊರುಗಳು. 1997ರಲ್ಲಿ ಒಟ್ಟಿಗೇ ಯುನೆಸ್ಕೊ ಪಟ್ಟಿ ಸೇರಿದವು.

ತಲುಪುವುದು ವೆರ್ನಾತ್ಸಾಕ್ಕೆ ಸಲೀಸು. ಹತ್ತಿರದ ನಗರ ಲಾ ಸ್ಪೆತ್ಸಿಯಾದಲ್ಲಿ ರೈಲು ಹತ್ತಿದರೆ ಊರಿನ ನಡುವೆಯೇ ಇಳಿಯಬಹುದು. ಪೋರ್ತೊವೆನೆರೆಗೆ ರೈಲೇ ಇಲ್ಲ. ಅದೇ ಲಾ ಸ್ಪೆತ್ಸಿಯಾದಿಂದ ಅಂಕುಡೊಂಕು ದಾರಿಯಲ್ಲಿ ಬಸ್ಸು, ಇಲ್ಲವೇ ಹವೆ ಚೆನ್ನಾಗಿದ್ದಾಗ ದೋಣಿ. ಆದರೆ ಈ ರೈಲಿನ ಸುಖವೇ ವೆರ್ನಾತ್ಸಾದ ಕಷ್ಟ ಕೂಡ: ಬೇಸಿಗೆಯ ಮಧ್ಯಾಹ್ನ ಅಲ್ಲಿನ ಒಂದೇ ಮುಖ್ಯ ಬೀದಿ ಜಾತ್ರೆಯ ರಥಬೀದಿಯಂತಾಗುತ್ತದೆ.

ಇತಿಹಾಸ ಬೇಕೆಂದರೆ ನನ್ನ ಓಟು ಪೋರ್ತೊವೆನೆರೆಗೆ. ಭೂಶಿರದ ತುತ್ತತುದಿಯ ಬಂಡೆಯ ಮೇಲೆ ಕಪ್ಪು-ಬಿಳಿ ಪಟ್ಟೆಗಳ ಸಾನ್ ಪಿಯೆತ್ರೊ ಚರ್ಚಿದೆ. ಅಲ್ಲಿ ಹಿಂದೆ ವೀನಸ್ ದೇವತೆಯ ಗುಡಿಯಿತ್ತೆಂದು ಪ್ರತೀತಿ, ಊರಿನ ಹೆಸರಿನ ಮೂಲವೂ ಅದೇ ಎನ್ನುತ್ತಾರೆ. ಬಂದರಿಗೆ ಮುಖ ಮಾಡಿ ಒತ್ತೊತ್ತಾಗಿ ನಿಂತ ಬಣ್ಣದ ಎತ್ತರದ ಮನೆಗಳು ಬರೀ ಚೆಂದಕ್ಕಲ್ಲ. ಹಿಂದಿನ ಜಿನೋವಾ ಗಣರಾಜ್ಯದ ಆಳ್ವಿಕೆಯಲ್ಲಿ ಅವೇ ಕೋಟೆಗೋಡೆ. ಎದುರಿಗೆ ಪಾಲ್ಮಾರಿಯಾ ದ್ವೀಪ, ದೋಣಿಯಲ್ಲಿ ಕೆಲವೇ ನಿಮಿಷ.

ವೆರ್ನಾತ್ಸಾದಲ್ಲಿರುವುದು ಪುಟ್ಟ ಬಂದರು, ಡೋರಿಯಾ ಕೋಟೆಯ ಬುರುಜು, ಪಕ್ಕದ ಊರು ಮೊಂತೆರೊಸ್ಸೊ ಕಡೆಗೆ ಏರುವ ಕಾಲುದಾರಿ. 2011ರ ಅಕ್ಟೋಬರಿನ ಪ್ರವಾಹದಲ್ಲಿ ಕೆಸರಿನಡಿ ಹೂತ ಊರು ಮತ್ತೆ ಎದ್ದು ನಿಂತಿದೆ. ನಡೆಯುವ ಹುಮ್ಮಸ್ಸಿದ್ದವರು ಇದನ್ನೇ ಆರಿಸಿಕೊಳ್ಳಿ.

ಸಸ್ಯಾಹಾರಿಗಳು ಎಲ್ಲಿ ಹೋದರೂ ಫಾರಿನಾತಾ ಕೇಳಿ, ನಮ್ಮ ಕಡಲೆಹಿಟ್ಟಿನ ದೋಸೆಯ ದಪ್ಪನೆಯ ತಂಗಿ.