ಉಚಿತ ರೆಸ್ಯೂಮ್ ಟೂಲ್ ನಂಬಿ ಇಂಟರ್ವ್ಯೂನಲ್ಲಿ ತಲೆ ತಗ್ಗಿಸಬೇಕಾಯಿತು, ದಯವಿಟ್ಟು ಓದಿ

ಕೆಲಸ ಹುಡುಕುತ್ತಿರುವವರು ಇದನ್ನು ಪೂರ್ತಿ ಓದಿ. ಮೂರು ವಾರದಿಂದ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ನಾಚಿಕೆಯಿಂದ ಸುಮ್ಮನಿದ್ದೆ. ನಿನ್ನೆ ನನ್ನ ಜೊತೆ ಕೆಲಸ ಮಾಡಿದ್ದ ಹುಡುಗಿಯೊಬ್ಬಳು ಅದೇ ಸೈಟಿನ ಲಿಂಕ್ ಕಳಿಸಿ, "ಅಕ್ಕ, ಇದು ಫ್ರೀ ಅಂತೆ, ನೀವು ನೋಡಿದ್ದೀರಾ?" ಅಂತ ಕೇಳಿದಳು. ತಕ್ಷಣ ಫೋನ್ ಮಾಡಿ ತಡೆದೆ. ಇನ್ನು ಸುಮ್ಮನಿದ್ದರೆ ತಪ್ಪಾಗುತ್ತದೆ ಅನ್ನಿಸಿತು.

ಸೈಟಿನ ಹೆಸರು ಹಾಕುತ್ತಿಲ್ಲ. ಇದೇ ದಾರಿ ಹಿಡಿದ ಸೈಟುಗಳು ಒಂದೆರಡಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ಗುರುತು ಹಿಡಿಯುತ್ತೀರಿ.

ನಾನು ಅಕೌಂಟ್ಸ್ ಕೆಲಸದವಳು. ಆರು ವರ್ಷ ಒಂದೇ ಕಡೆ ಇದ್ದೆ. ನಮ್ಮ ವಿಭಾಗವನ್ನೇ ಮುಚ್ಚಿದರು. ಎರಡು ತಿಂಗಳು ಅರ್ಜಿ ಹಾಕಿದೆ, ಒಂದು ಕಡೆಯಿಂದಲೂ ಕರೆ ಬರಲಿಲ್ಲ. ಆ ಹೊತ್ತಿನಲ್ಲಿ ಮನಸ್ಸು ಹೇಗಿರುತ್ತದೆ ಅಂತ ಆ ಕಷ್ಟ ಪಟ್ಟವರಿಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ನೋಡುತ್ತಿದ್ದಾಗ ಜಾಹೀರಾತು ಬಂತು: "ನಿಮ್ಮ ರೆಸ್ಯೂಮ್ ಎಟಿಎಸ್ ದಾಟುತ್ತದೆಯೇ? ಉಚಿತವಾಗಿ ಪರೀಕ್ಷಿಸಿ."

ಎಟಿಎಸ್ ಅಂದರೆ ಗೊತ್ತಲ್ವಾ, ಬಂದ ಅರ್ಜಿಗಳನ್ನೆಲ್ಲ ಒಂದು ಕಡೆ ಇಟ್ಟು ನೋಡಲು ಕಂಪನಿಗಳು ಬಳಸುವ ಸಾಫ್ಟ್‌ವೇರ್. ನನ್ನ ರೆಸ್ಯೂಮ್ ಹಾಕಿದೆ. ಒಂದು ನಿಮಿಷ ಏನೋ ತಿರುಗಿತು. ಆಮೇಲೆ ದೊಡ್ಡ ಕೆಂಪು ವೃತ್ತದೊಳಗೆ 38 ಅಂತ ಬಂತು. ನೂರಕ್ಕೆ 38. ಕೆಳಗೆ, "100 ರೆಸ್ಯೂಮ್‌ಗಳಲ್ಲಿ 75ನ್ನು ಯಾವ ಮನುಷ್ಯನೂ ನೋಡುವುದಿಲ್ಲ, ನಿಮ್ಮದು ಅದರಲ್ಲಿ ಒಂದು" ಅಂತ ಸಾಲು. ಎರಡು ತಿಂಗಳ ಮೌನಕ್ಕೆ ಕಾರಣ ಸಿಕ್ಕಿತು ಅಂದುಕೊಂಡೆ. ಅಲ್ಲೇ ನಾನು ಸಿಕ್ಕಿಬಿದ್ದದ್ದು. ದುಡ್ಡು ಕೊಟ್ಟಾಗ ಅಲ್ಲ, ಆ 38 ಅನ್ನು ನಂಬಿದಾಗ.

ಪಕ್ಕದಲ್ಲೇ "ಉಚಿತವಾಗಿ ಸರಿಪಡಿಸಿ" ಅನ್ನುವ ಬಟನ್. ಒತ್ತಿದೆ. ಎರಡೂವರೆ ಗಂಟೆ ಕೂತು ತುಂಬಿದೆ. ಹುಟ್ಟಿದ ದಿನಾಂಕ, ಮನೆ ವಿಳಾಸ, ಫೋಟೋ, ಹಿಂದಿನ ಸಂಬಳ, ಎಲ್ಲ ಕೇಳಿತು, ಎಲ್ಲ ಕೊಟ್ಟೆ. ರೆಫರೆನ್ಸ್ ಕೇಳಿತು. ನನ್ನ ಹಳೆಯ ಇಬ್ಬರು ಬಾಸ್‌ಗಳ ಹೆಸರು, ಫೋನ್ ನಂಬರ್ ಕೊಟ್ಟೆ. ಅವರನ್ನು ಒಂದು ಮಾತು ಕೇಳದೇ ಕೊಟ್ಟೆ. ಇದು ನನ್ನ ತಪ್ಪು, ಒಪ್ಪುತ್ತೇನೆ.

ಕೊನೆಗೆ, "ನಿಮಗೆ ಬೇಕಾದ ಕೆಲಸದ ಜಾಹೀರಾತನ್ನು ಇಲ್ಲಿ ಪೇಸ್ಟ್ ಮಾಡಿ, ಅದಕ್ಕೆ ತಕ್ಕಂತೆ ಹೊಂದಿಸುತ್ತೇವೆ" ಅಂತ ಬಂತು. ಮಾಡಿದೆ. 38 ಇದ್ದದ್ದು 91 ಆಯಿತು. ಕೆಂಪು ಹೋಗಿ ಹಸಿರು ಬಂತು. ನೋಡಲು ರೆಸ್ಯೂಮ್ ನನ್ನ ಹಳೆಯದರ ಹಾಗೇ ಇತ್ತು, ಸ್ವಲ್ಪ ಅಂದವಾಗಿತ್ತು ಅಷ್ಟೇ. ಹಾಗಾದರೆ 53 ಅಂಕ ಎಲ್ಲಿಂದ ಬಂತು ಅಂತ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಡೌನ್‌ಲೋಡ್ ಒತ್ತಿದೆ. ಕಾರ್ಡ್ ನಂಬರ್ ಕೇಳಿತು.

ಎರಡೂವರೆ ಗಂಟೆ ಆದ ಮೇಲೆ! ಅಲ್ಲಿಯವರೆಗೆ ಪ್ರತಿ ಪುಟದಲ್ಲೂ ಉಚಿತ, ಉಚಿತ, ಉಚಿತ. ಉಚಿತವಾಗಿ ಸಿಗುವುದು ಬರೀ ಟೆಕ್ಸ್ಟ್ ಫೈಲ್ ಮಾತ್ರವಂತೆ, ಅಂದರೆ ನೋಟ್‌ಪ್ಯಾಡಿನಲ್ಲಿ ತೆರೆಯುವ ಅಕ್ಷರಗಳ ರಾಶಿ. ಪಿಡಿಎಫ್ ಬೇಕಾದರೆ "14 ದಿನದ ಟ್ರಯಲ್". ಟ್ರಯಲ್‌ಗೆ ಕೇಳಿದ್ದು ತೀರಾ ಚಿಕ್ಕ ಮೊತ್ತ. ಮಾರನೇ ದಿನವೇ ಆ ಕೆಲಸಕ್ಕೆ ಅರ್ಜಿಯ ಕೊನೆ ದಿನ. ಕೊಟ್ಟೆ. ಟ್ರಯಲ್ ಮುಗಿದ ಮೇಲೆ ಅದರ ಹತ್ತು ಪಟ್ಟಿಗೂ ಜಾಸ್ತಿ ಮೊತ್ತ ತಾನಾಗಿಯೇ ಕಡಿತವಾಗುತ್ತದೆ ಅಂತ ಬಟನ್ ಕೆಳಗೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿತ್ತು. ಅದರಲ್ಲೂ "ಪ್ರತಿ ತಿಂಗಳು" ಅಂತ ಇಲ್ಲ, "ಪ್ರತಿ 4 ವಾರಕ್ಕೆ" ಅಂತ. ವರ್ಷಕ್ಕೆ 52 ವಾರ. 12 ಸಲ ಅಲ್ಲ, 13 ಸಲ ಕಡಿತ. ಆರು ವರ್ಷ ಲೆಕ್ಕ ಬರೆದವಳು ನಾನು. ಇದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ದುಡ್ಡಿನ ವಿಷಯಕ್ಕೆ ಈ ಬರಹ ಬರೆಯುತ್ತಿಲ್ಲ. ಮುಂದಿನದ್ದು ಕೇಳಿ.

ಟ್ರಯಲ್ ಇರುವಷ್ಟು ದಿನ ಪ್ರತಿ ಕೆಲಸಕ್ಕೂ ಜಾಹೀರಾತು ಪೇಸ್ಟ್ ಮಾಡಿ ಹೊಸ ರೆಸ್ಯೂಮ್ ಮಾಡಿಸಿದೆ. ಒಟ್ಟು 11 ಕಂಪನಿಗಳಿಗೆ ಹೋಯಿತು. ಒಂದು ಕಡೆಯಿಂದ ಕರೆ ಬಂತು. ವೀಡಿಯೊ ಕಾಲ್‌ನಲ್ಲಿ ಇಂಟರ್ವ್ಯೂ. ಆ ಕಡೆ ಇಬ್ಬರಿದ್ದರು. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಬ್ಯಾಂಕ್ ರಿಕನ್ಸಿಲಿಯೇಷನ್, ಅಂದರೆ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕದ ಲೆಕ್ಕಕ್ಕೂ ತಾಳೆ ನೋಡುವ ಬಗ್ಗೆ, ತಿಂಗಳ ಕೊನೆಯ ಲೆಕ್ಕ ಮುಗಿಸುವ ಬಗ್ಗೆ ಕೇಳಿದರು. ನನ್ನದೇ ಕೆಲಸ, ಧೈರ್ಯವಾಗಿ ಹೇಳಿದೆ. ಆಮೇಲೆ ಅವರಲ್ಲಿ ಹಿರಿಯರು ಕೇಳಿದರು, "ಪವರ್ ಬಿಐ, ಪೈಥಾನ್ ಎರಡೂ ಗೊತ್ತು ಅಂತಿದೆ ಮೇಡಂ. ಪವರ್ ಬಿಐನಲ್ಲಿ ಏನು ಮಾಡಿದ್ದೀರಿ, ಸ್ವಲ್ಪ ಹೇಳಿ."

ಪವರ್ ಬಿಐ ಅಂದರೆ ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್, ಪೈಥಾನ್ ಪ್ರೋಗ್ರಾಮಿಂಗ್ ಭಾಷೆ. "ಸರ್, ನಾನು ಹಾಗೆ ಬರೆದಿಲ್ಲ" ಅಂದೆ.

"ಇದೆಯಲ್ಲ ಮೇಡಂ" ಅಂದರು. ಸ್ಕ್ರೀನ್ ಶೇರ್ ಮಾಡಿ ತೋರಿಸಿದರು. ಅವರ ಸಾಫ್ಟ್‌ವೇರ್ ನನ್ನ ಪಿಡಿಎಫ್‌ನಿಂದ ಅಕ್ಷರಗಳನ್ನಷ್ಟೇ ಎಳೆದು ಸಾಲಾಗಿ ಇಟ್ಟಿತ್ತು. ಕೊನೆಯಲ್ಲಿ, ನಾನು ಯಾವತ್ತೂ ನೋಡದ ಒಂದು ಪ್ಯಾರಾ. ಪವರ್ ಬಿಐ, ಪೈಥಾನ್, ಎಸ್‌ಎಪಿ, ತಂಡದ ನಾಯಕತ್ವ... ಓದುತ್ತಾ ಹೋದ ಹಾಗೆ ಗೊತ್ತಾಯಿತು, ಅದು ಅವರದೇ ಜಾಹೀರಾತು. ಪೂರ್ತಿ ಜಾಹೀರಾತನ್ನು ನನ್ನ ರೆಸ್ಯೂಮ್‌ನ ಬುಡಕ್ಕೆ ಅಂಟಿಸಿದ್ದರು. ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ, ಅತಿ ಸಣ್ಣ ಅಕ್ಷರದಲ್ಲಿ. ನನ್ನ ಕಣ್ಣಿಗೆ ಖಾಲಿ ಜಾಗ. ಯಂತ್ರಕ್ಕೆ ಬಣ್ಣ ಲೆಕ್ಕಕ್ಕಿಲ್ಲ, ಅದು ಅಕ್ಷರ ಮಾತ್ರ ಓದುತ್ತದೆ.

ಆ ಹಿರಿಯರು ಸಿಟ್ಟಾಗಲಿಲ್ಲ. ಮೆಲ್ಲಗೆ ಹೇಳಿದರು, "ನಮ್ಮ ಜಾಹೀರಾತಿನಲ್ಲಿ ರಿಕನ್ಸಿಲಿಯೇಷನ್ ಅನ್ನುವಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಇಲ್ಲೂ ಅದೇ ತಪ್ಪು ಇದೆ, ನೋಡಿ." ನನಗೆ ಮಾತೇ ಹೊರಡಲಿಲ್ಲ. ಸೈಟು ಹಾಕಿದ್ದು, ನಾನಲ್ಲ ಅಂತ ಹೇಳಿದೆ. ಹೇಳುವಾಗಲೇ ಅದು ಸುಳ್ಳು ನೆಪದ ಹಾಗೆ ನನ್ನ ಕಿವಿಗೇ ಕೇಳಿಸಿತು. "ಆಯ್ತಮ್ಮ, ನಾವು ತಿಳಿಸ್ತೀವಿ" ಅಂದರು. ಕಾಲ್ ಮುಗಿಯಿತು. ತಿಳಿಸಲಿಲ್ಲ.

ಅವರೇನೋ ಬಾಯಿಬಿಟ್ಟು ಕೇಳಿದರು. ಉಳಿದ ಹತ್ತು ಕಂಪನಿಗಳು? ಅಲ್ಲೂ ಇದೇ ಬಿಳಿ ಅಕ್ಷರ ಹೋಗಿದೆ. ಅಲ್ಲೆಲ್ಲ ನನ್ನ ಹೆಸರಿನ ಮುಂದೆ ಏನು ಬರೆದುಕೊಂಡಿದ್ದಾರೋ. ಯಾವತ್ತೂ ಒಂದು ಸುಳ್ಳು ವೋಚರ್‌ಗೆ ಸಹಿ ಹಾಕಿದವಳಲ್ಲ ನಾನು. ನನ್ನ ಹೆಸರಲ್ಲಿ ಹನ್ನೊಂದು ಕಡೆ ಸುಳ್ಳು ಹೋಯಿತು.

ಸೈಟಿನವರಿಗೆ ಬರೆದೆ. ಅವರ ಉತ್ತರಗಳನ್ನು ಹಾಗೇ ಹೇಳುತ್ತೇನೆ.

ಮೊದಲ ಉತ್ತರ: "ನಿಮ್ಮ ನಿರಾಸೆ ನಮಗೆ ಅರ್ಥವಾಗುತ್ತದೆ. ನಮ್ಮ ತಂತ್ರಜ್ಞಾನ ನಿಮ್ಮ ರೆಸ್ಯೂಮ್ ಅನ್ನು ಕೆಲಸಕ್ಕೆ ಹೊಂದುವಂತೆ ಮಾಡುತ್ತದೆ. ಕಳಿಸುವ ಮುನ್ನ ಪರಿಶೀಲಿಸುವುದು ಬಳಕೆದಾರರ ಜವಾಬ್ದಾರಿ."

ಕಣ್ಣಿಗೆ ಕಾಣದ್ದನ್ನು ಹೇಗೆ ಪರಿಶೀಲಿಸಲಿ ಅಂತ ಕೇಳಿದೆ. ಉತ್ತರ: "ನಿಮ್ಮ ಪ್ರಶ್ನೆಗೆ ಧನ್ಯವಾದ. ದಯವಿಟ್ಟು ನಮ್ಮ ಹಿಂದಿನ ಉತ್ತರ ನೋಡಿ." ಅಷ್ಟೇ. ಇದೇ ಸಾಲು ಮೂರು ಸಲ ಬಂತು, ಒಂದಕ್ಷರ ವ್ಯತ್ಯಾಸ ಇಲ್ಲದೆ.

ಅಷ್ಟರಲ್ಲಿ 14 ದಿನ ಕಳೆದು ದೊಡ್ಡ ಮೊತ್ತ ಕಡಿತವಾಗಿತ್ತು. ರದ್ದು ಮಾಡಲು ಹೋದೆ. ಸೇರುವಾಗ ಒಂದೇ ಬಟನ್. ಬಿಡುವಾಗ ನಾಲ್ಕು ಪುಟ. ಎರಡನೇ ಪುಟದಲ್ಲಿ ಅರ್ಧ ಬೆಲೆಗೆ ಕೊಡುತ್ತೇವೆ ಅಂದರು. ಮೂರನೇ ಪುಟದಲ್ಲಿ ದೊಡ್ಡದಾಗಿ "ನಿಮ್ಮ ಕನಸಿನ ಕೆಲಸವನ್ನು ಕೈಬಿಡುತ್ತೀರಾ?" ಅಂತ. ಎರಡು ತಿಂಗಳು ಕೆಲಸ ಇಲ್ಲದೆ ಕೂತವರ ಮುಂದೆ ಆ ಸಾಲು ಇಡಲು ಇವರಿಗೆ ಹೇಗೆ ಮನಸ್ಸು ಬರುತ್ತದೆ? "ಹೌದು" ಅಂತ ಒತ್ತಿದರೇ ಮುಂದೆ ಹೋಗುವುದು. ಒತ್ತಿದೆ.

ದುಡ್ಡು ವಾಪಸ್ ಕೊಡಿ ಅಂದೆ. "ನೀವು ಡೌನ್‌ಲೋಡ್ ಮಾಡಿದ್ದೀರಿ, ಅಂದರೆ ಸೇವೆ ಬಳಸಿದ್ದೀರಿ." ನನ್ನ ಮಾಹಿತಿ ಅಳಿಸಿ ಅಂದೆ. "ನಿಮ್ಮ ಖಾತೆಯನ್ನು ಅಳಿಸಿದ್ದೇವೆ. ನಮ್ಮ ಪಾಲುದಾರರಿಗೆ ಈಗಾಗಲೇ ಕೊಟ್ಟಿರುವ ಮಾಹಿತಿಗೆ ಅವರನ್ನೇ ಸಂಪರ್ಕಿಸಿ." ಪಾಲುದಾರರು ಯಾರು ಅಂತ ಕೇಳಿದೆ. "ನೀವು ಒಪ್ಪಿಕೊಂಡ ನಿಯಮಗಳಲ್ಲಿ ವಿವರವಿದೆ." ಆ ನಿಯಮಗಳಲ್ಲಿ ಹುಡುಕಿದೆ. "ಆಯ್ದ ಪಾಲುದಾರರು" ಅಂತ ಮಾತ್ರ ಇದೆ. ಹೆಸರಿಲ್ಲ.

ಪಾಲುದಾರರು ಎಂಥವರು ಅಂತ ಬೇಗ ಗೊತ್ತಾಯಿತು. ದಿನಕ್ಕೆ ಐದಾರು ಕರೆ. ಕೆಲಸ ಖಾತ್ರಿ, ನೋಂದಣಿ ಶುಲ್ಕ ಕಟ್ಟಿ ಅನ್ನುವವರು, ಕೋರ್ಸ್ ಮಾರುವವರು. ಒಬ್ಬನಂತೂ ನನ್ನ ಹಳೆಯ ಸಂಬಳ ಎಷ್ಟು ಅಂತ ಅವನೇ ಹೇಳಿದ. ಅದನ್ನೂ ಸಹಿಸಬಹುದು. ನನ್ನ ಹಳೆಯ ಬಾಸ್ ಫೋನ್ ಮಾಡಿದರು: "ಏನಮ್ಮ ಇದು, ನಿನ್ನ ಹೆಸರು ಹೇಳಿಕೊಂಡು ಯಾರ್ಯಾರೋ ನನಗೆ ಫೋನ್ ಮಾಡ್ತಿದ್ದಾರೆ?" ನನಗೆ ಕೆಲಸ ಕಲಿಸಿದವರು ಅವರು. ಕ್ಷಮೆ ಕೇಳಿದೆ. ಪಾಪ, ಬೇಜಾರಿಲ್ಲ ಬಿಡು ಅಂದರು. ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಕೊನೆಗೆ ಒಂದು ಕೆಲಸ ಮಾಡಿದೆ. ಬೇರೆ ಇಮೇಲ್‌ನಿಂದ ಅದೇ ಸೈಟಿಗೆ ಹೋಗಿ, ರೆಸ್ಯೂಮ್ ಬದಲು ಹಳೆಯ ಮೀಟಿಂಗ್ ಒಂದರ ನೋಟ್ಸ್ ಹಾಕಿದೆ. ಹೆಸರಿಲ್ಲ, ಓದಿಲ್ಲ, ಅನುಭವವಿಲ್ಲ. 41 ಬಂತು. ನನ್ನ ಆರು ವರ್ಷದ ದುಡಿಮೆಗೆ 38, ಮೀಟಿಂಗ್ ನೋಟ್ಸ್‌ಗೆ 41. ಅದನ್ನು ನೋಡಿ ಅತ್ತುಬಿಟ್ಟೆ.

ಎಚ್‌ಆರ್‌ನಲ್ಲಿರುವ ಗೆಳತಿಗೆ ಎಲ್ಲ ಹೇಳಿದೆ. ಮೊದಲೇ ಕೇಳಬೇಕಿತ್ತು. ಎಲ್ಲ ಕಂಪನಿಗೂ ಒಂದೇ ಎಟಿಎಸ್ ಸ್ಕೋರ್ ಅನ್ನುವುದೇ ಇಲ್ಲವಂತೆ. ವರ್ಕ್‌ಡೇ, ಗ್ರೀನ್‌ಹೌಸ್, ಟ್ಯಾಲಿಯೊ ಹೀಗೆ ಒಬ್ಬೊಬ್ಬರು ಒಂದೊಂದು ಸಾಫ್ಟ್‌ವೇರ್ ಬಳಸುತ್ತಾರೆ. ಕಂಪನಿಯ ಒಳಗೆ ಅದು ಹೇಗೆ ಜೋಡಿಸಿಡುತ್ತದೆ ಅಂತ ಹೊರಗಿನ ಸೈಟಿಗೆ ಗೊತ್ತಾಗುವುದಿಲ್ಲ. ಅವಳ ಕಚೇರಿಯಲ್ಲಿ ಯಂತ್ರ ತಾನಾಗಿ ಪಕ್ಕಕ್ಕಿಡುವುದು ಅರ್ಜಿಯ ಪ್ರಶ್ನೆಗಳಿಗೆ ಕೊಟ್ಟ ಉತ್ತರ ನೋಡಿ: ಇಷ್ಟು ವರ್ಷ ಅನುಭವ ಇದೆಯಾ, ಈ ಪ್ರಮಾಣಪತ್ರ ಇದೆಯಾ, ಅಂಥವು. ಉಳಿದದ್ದನ್ನು ಅವಳೇ ಕೂತು ಓದುತ್ತಾಳೆ. "ಬಿಳಿ ಅಕ್ಷರ ವಾರಕ್ಕೊಂದಾದರೂ ಸಿಗುತ್ತೆ ಕಣೇ, ಸಿಕ್ಕಿದ ತಕ್ಷಣ ಪಕ್ಕಕ್ಕಿಡ್ತೀನಿ" ಅಂದಳು. ಅಂದರೆ ಆ ಹತ್ತು ಕಂಪನಿಗಳಲ್ಲಿ ಏನಾಗಿದೆ ಅಂತ ಲೆಕ್ಕ ಹಾಕಿಕೊಳ್ಳಿ.

ಈಗ ನಿಮಗೆ. ಯಾವ ಉಚಿತ ಟೂಲ್ ಆದರೂ ಸರಿ, ಮೊದಲು ಸುಳ್ಳು ಹೆಸರಲ್ಲಿ ಎರಡು ಸಾಲು ಬರೆದು ನೇರವಾಗಿ ಡೌನ್‌ಲೋಡ್ ಒತ್ತಿ. ಕಾರ್ಡ್ ಕೇಳಿದರೆ ಎದ್ದು ಬನ್ನಿ. ಫೈಲ್ ಕೈಗೆ ಬಂದರೆ, ಕಳಿಸುವ ಮೊದಲು ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಬಚ್ಚಿಟ್ಟ ಬಿಳಿ ಅಕ್ಷರ ಇದ್ದರೆ ಅಲ್ಲಿ ಕಾಣುತ್ತದೆ. ಎರಡು ಕಾಲಮ್, ಟೇಬಲ್ ಇರುವ ಅಂದದ ಟೆಂಪ್ಲೇಟ್ ಆಗಿದ್ದರೆ ಸಾಲುಗಳು ಕಲಸಿಹೋಗಿದೆಯಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಇಡೀ ಪರೀಕ್ಷೆಗೆ ಒಂದು ನಿಮಿಷ ಸಾಕು. ಆ ಒಂದು ನಿಮಿಷ ನಾನು ಕೊಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಹುಟ್ಟಿದ ದಿನ, ಹಳೆಯ ಸಂಬಳ ಇಂಥ ಸೈಟುಗಳಿಗೆ ಕೊಡಲೇಬೇಡಿ. ಇನ್ನೊಬ್ಬರ ನಂಬರ್ ಅಂತೂ ಬೇಡವೇ ಬೇಡ.

ನಿಜವಾಗಿ ಉಚಿತವಾದವು ಇವೆ. ಗೂಗಲ್ ಡಾಕ್ಸ್‌ನಲ್ಲಿ ರೆಸ್ಯೂಮ್ ಟೆಂಪ್ಲೇಟ್‌ಗಳಿವೆ, ಪಿಡಿಎಫ್ ಕೂಡ ಅಲ್ಲೇ ಸಿಗುತ್ತದೆ. ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್ ಸಾಫ್ಟ್‌ವೇರ್‌ನಲ್ಲೂ ಮಾಡಬಹುದು. ಯುರೋಪ್ ಒಕ್ಕೂಟದವರು ನಡೆಸುವ ಯೂರೋಪಾಸ್‌ನಲ್ಲಿ ಸಿವಿ ಮಾಡಿಕೊಳ್ಳಲು ದುಡ್ಡಿಲ್ಲ. ಕಾರ್ಡ್ ಈಗಾಗಲೇ ಕೊಟ್ಟುಬಿಟ್ಟಿದ್ದರೆ ಇವತ್ತೇ ರದ್ದು ಮಾಡಿ, ರದ್ದಾದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬರೀ ಕಾರ್ಡ್ ಬ್ಲಾಕ್ ಮಾಡಿ ಸುಮ್ಮನಾಗಬೇಡಿ, ಅವರ ಲೆಕ್ಕದಲ್ಲಿ ಚಂದಾ ಚಾಲ್ತಿಯಲ್ಲೇ ಇರುತ್ತದೆ. ಯುರೋಪ್ ಒಕ್ಕೂಟದ ದೇಶಗಳಲ್ಲಿ ಇರುವವರು 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ ಅಲ್ಲಿನ ಮಾಹಿತಿ ರಕ್ಷಣೆ ಕಾನೂನಿನ 17ನೇ ವಿಧಿಯ ಹೆಸರು ಹೇಳಿಯೇ ಮಾಹಿತಿ ಅಳಿಸಿ ಅಂತ ಬರೆಯಿರಿ. ಅದಕ್ಕೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಲೇಬೇಕು.

ನಾನು ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಆ ಹತ್ತು ಕಂಪನಿಗಳಿಗೂ ಪತ್ರ ಬರೆದು, ಹೀಗಾಯಿತು ಅಂತ ತಿಳಿಸಿ, ನಾನೇ ಟೈಪ್ ಮಾಡಿದ ಒಂದು ಪುಟದ ರೆಸ್ಯೂಮ್ ಕಳಿಸಿದ್ದೇನೆ. ಇಬ್ಬರು ಉತ್ತರ ಕೊಟ್ಟಿದ್ದಾರೆ, ಒಬ್ಬರು ಮುಂದಿನ ವಾರ ಮಾತಾಡೋಣ ಅಂದಿದ್ದಾರೆ.

ಇವತ್ತು ಬೆಳಿಗ್ಗೆ ಸೈಟಿನಿಂದ ಮತ್ತೆ ಒಂದು ಮೇಲ್ ಬಂತು. ಖಾತೆ ಅಳಿಸಿದ್ದೇವೆ ಅಂದವರದ್ದೇ. ನನ್ನ ಹೆಸರು ಹಾಕಿ, "ನಿಮ್ಮ ರೆಸ್ಯೂಮ್ ಸ್ಕೋರ್ ಕಡಿಮೆಯಾಗಿದೆ, ಈಗಲೇ ಸರಿಪಡಿಸಿ" ಅಂತ. ಅದರ ಸ್ಕ್ರೀನ್‌ಶಾಟ್ ಕೂಡ ಬ್ಯಾಂಕಿಗೆ ಕಳಿಸಿದ್ದೇನೆ.