ಬ್ಯಾಡಗಿ ಮೆಣಸಿನಕಾಯಿ ಮುಂದ ಎಫ್‌ಎಕ್ಸ್30
ಸೋನಿ ಎಫ್‌ಎಕ್ಸ್30 ವಿಡಿಯೋ ಕ್ಯಾಮೆರಾ ಬಾಡಿಗಿಗೆ ತಗೊಂಡು ಎರಡು ದಿನ ಬ್ಯಾಡಗಿ ಮಾರ್ಕೆಟ್‌ನ್ಯಾಗ ಶೂಟ್ ಮಾಡಿ ಬಂದೀನ್ರಿ, ಮನಸ್ಸು ತುಂಬೇತಿ. ನನ್ನ ಹಳೇ 8 ಬಿಟ್ ಕ್ಯಾಮೆರಾದಾಗ ಮೆಣಸಿನಕಾಯಿ ರಾಶಿ ಅಂದ್ರ ಬರೇ ಕೆಂಪು ಮುದ್ದಿ, ಕಾಯಿ ಮ್ಯಾಲಿನ ಸುಕ್ಕು ಸುದ್ದಾ ಕಾಣ್ತಿರ್ಲಿಲ್ಲ. ಇದ್ರಾಗ ಎಸ್-ಲಾಗ್3 (ನೆರಳು-ಬೆಳಕಿನ ವಿವರ ಹೆಚ್ಚಿಗಿ ಉಳಿಸೋ ಸಪ್ಪನ ಲಾಗ್ ಪ್ರೊಫೈಲ್) ಜೋಡಿ ಎಸ್-ಗ್ಯಾಮಟ್3.ಸಿನೆ ಅನ್ನೋ ಬಣ್ಣದ ವ್ಯಾಪ್ತಿ ಇಟ್ಟು ತಗದೆ, ಈ ವ್ಯಾಪ್ತಿ ಟಿವಿಗೆ ಬಳಸೋ ರೆಕ್.709 ಬಣ್ಣದ ವ್ಯಾಪ್ತಿಗಿಂತ ಭಾಳ ಅಗಲ ಇರೋದ್ರಿಂದ ಆ ಗಾಢ ಕೆಂಪು ಅಂಚಿಗೆ ಬಡದು ಚಪ್ಪಟಿ ಆಗಂಗಿಲ್ಲ, ಮತ್ತ 10 ಬಿಟ್ ಅಂದ್ರ ಒಂದೊಂದು ಚಾನಲ್‌ಗೆ 1024 ಹಂತ, 8 ಬಿಟ್‌ನ್ಯಾಗ ಬರೇ 256, ಹಿಂಗಾಗಿ ಒಣಗಿದ ಕಾಯಿ ಕಪ್ಪುಗೆಂಪು, ತೊಟ್ಟಿನ ಹತ್ರದ ಕಿತ್ತಳಿ ಎಲ್ಲಾ ಬ್ಯಾರೆ ಬ್ಯಾರೆ ಉಳದಾವ.

ಫೂಟೇಜ್ ಮೊದಲು ಬೂದಿ ಬಳದಂಗ ಕಾಣ್ತೇತಿ, ಗಾಬರಿ ಆಗಬ್ಯಾಡ್ರಿ, ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ್ಯಾಗ ರೆಕ್.709ಕ್ಕ ಇಳಿಸಿದ್ರ ಬಣ್ಣ ವಾಪಸ್ ಬರ್ತಾವ.

ಮೊದಲ ದಿನ ಶೆಡ್ ಒಳಗ ಕಡಿಮಿ ಎಕ್ಸ್‌ಪೋಸ್ ಮಾಡಿ ಚೀಲದ ನೆರಳಿನ್ಯಾಗ ಪೂರಾ ನಾಯ್ಸ್ (ಕಾಳು ಕಾಳು ಚುಕ್ಕಿ) ಬಂತು, ಆ ಶಾಟ್ ಹೋದ್ವು, ಇನ್ನೂ ಹೊಟ್ಟಿ ಉರೀತೇತಿ. ಮರುದಿನ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 2500 ಇಟ್ಟು ಒಂದೂವರಿ ಸ್ಟಾಪ್ (ಒಂದು ಸ್ಟಾಪ್ ಅಂದ್ರ ಬೆಳಕು ಎರಡು ಪಟ್ಟು) ಹೆಚ್ಚಿಗಿ ತಗದೆ, ಸ್ವಚ್ಛ ಬಂದೇತಿ. ಹೊರಗ ಬಿಸಲಾಗ ಐಎಸ್‌ಒ 800, ಆದ್ರ ಬೆಳಕು ಕಡಿಮಿ ಮಾಡೋ ಎನ್‌ಡಿ ಫಿಲ್ಟರ್ ಇಲ್ದ ಹೋಗಬ್ಯಾಡ್ರಿ. ಮದುವಿ ಮುಗಿಸಿ ರಾತ್ರಿನೇ ವಿಡಿಯೋ ಕೊಡೋರಿಗೆ ಲಾಗ್ ಬ್ಯಾಡ, ಸಾದಾ ಪ್ರೊಫೈಲ್ ಸಾಕು. ಗ್ರೇಡ್ ಮಾಡಾಕ, ಅಂದ್ರ ಬಣ್ಣ ತಿದ್ದಾಕ, ಕುಂಡ್ರೋ ತಾಳ್ಮಿ ಇದ್ದವ್ರು ಕಣ್ಣುಮುಚ್ಚಿ ತಗೋರ್ರಿ.