ಹೆಡ್‌ಲೈಟ್ ಬಲ್ಬ್ ತಗೊಳ್ಳೋ ಮೊದ್ಲು ಗ್ಲಾಸ್ ಮೇಲೆ ಒಂದ್ ಚೊಂಬು ನೀರು ಹಾಕಿ ನೋಡಿ

ನಮ್ದು 2013ರ ಸ್ವಿಫ್ಟ್, ವರ್ಷಪೂರ್ತಿ ಬಿಸಿಲಲ್ಲೇ ನಿಲ್ಲೋ ಗಾಡಿ. ಹೆಡ್‌ಲೈಟ್ ಯಾವಾಗ ಹಳದಿ ತಿರುಗ್ತೋ ಗೊತ್ತೇ ಆಗ್ಲಿಲ್ಲ. ಹೋದ ಮಳೆಗಾಲ ರಾತ್ರಿ ಶಿರಾಡಿ ಘಾಟ್ ಇಳಿಯೋವಾಗ ರೋಡ್ ಎಲ್ಲಿ ಮುಗಿಯುತ್ತೆ ಚರಂಡಿ ಎಲ್ಲಿ ಶುರುವಾಗುತ್ತೆ ಅನ್ನೋದೇ ಕಾಣ್ದೆ, ಮುಂದಿದ್ದ ಟ್ಯಾಂಕರ್ ಬಾಲ ಹಿಡ್ಕೊಂಡೇ ಗುಂಡ್ಯದವರೆಗೂ ಬಂದ್ವಿ.

ಊರಿಗೆ ವಾಪಸ್ ಬಂದವನೇ ಆಕ್ಸೆಸರೀಸ್ ಅಂಗಡಿಗೆ ಹೋದೆ. "ಎಲ್‌ಇಡಿ ಹಾಕ್ಸಿ ಸಾರ್, ಹಗಲು ಮಾಡ್ಬಿಡುತ್ತೆ" ಅಂದ, ಹಾಕ್ಸಿದೆ. ಹಗಲೇನೋ ಆಯ್ತು, ಆದ್ರೆ ಮರದ ಮೇಲೆ! ರೋಡಲ್ಲಿ ಮಾತ್ರ ಮಂಜು ಮಂಜು. "ರೀ, ಎದುರಿಂದ ಬರೋರೆಲ್ಲ ಯಾಕೆ ಡಿಪ್ಪರ್ ಹೊಡೀತಿದ್ದಾರೆ?" ಅಂತ ನಮ್ಮನೆಯವಳು ಕೇಳಿದಾಗ್ಲೇ ತಲೆಗೆ ಹೋಗಿದ್ದು. ಈ ಗಾಡಿಗೆ ಬರೋದು ಎಚ್4 ಅನ್ನೋ ಹ್ಯಾಲೊಜೆನ್ ಬಲ್ಬ್, ಅದರಲ್ಲಿ ದೂರದ ಬೆಳಕಿಗೆ (ಹೈ) ಒಂದು, ಹತ್ತಿರದ್ದಕ್ಕೆ (ಲೋ) ಒಂದು ಫಿಲಮೆಂಟ್, ಅಂದ್ರೆ ಉರಿಯೋ ತಂತಿ, ಲೋ ಫಿಲಮೆಂಟ್ ಕೆಳಗೆ ಒಂದು ಪುಟ್ಟ ಲೋಹದ ತಟ್ಟೆ ಇರುತ್ತೆ, ಬೆಳಕು ಎದುರಿನವರ ಕಣ್ಣಿಗೆ ಹೋಗ್ದಂಗೆ ತಡೆಯೋದು ಅದೇ. ಒಳಗಿರೋ ರಿಫ್ಲೆಕ್ಟರ್‌ನ ಮಾಡಿರೋದೂ ಆ ಫಿಲಮೆಂಟ್ ಜಾಗದ ಲೆಕ್ಕಕ್ಕೆ. ಅಲ್ಲಿಗೆ ಬೇರೆ ಆಕಾರದ ಎಲ್‌ಇಡಿ ಚಿಪ್ ತಂದು ಕೂರಿಸಿದ್ರೆ ಬೆಳಕು ಹಾದಿ ತಪ್ಪದೆ ಇನ್ನೇನು. ನಾಕೇ ದಿನಕ್ಕೆ ಬಿಚ್ಚಿಸಿದೆ, ಅಂಗಡಿಯವನು ದುಡ್ಡು ವಾಪಸ್ ಕೊಡ್ಲಿಲ್ಲ, ಅದು ಬಿಡಿ.

ಕಣ್ಣು ತೆರೆಸಿದ್ದು ಟಿಂಕರಿಂಗ್ ಮಾಡೋ ಅಣ್ಣ. ಗ್ಲಾಸ್ ಮೇಲೆ ನೀರು ಸುರಿದ, ನೀರಿರೋವರೆಗೂ ಫಳಫಳ, ಆರಿದ ಮೇಲೆ ಮತ್ತೆ ಮಬ್ಬು. ಹಂಗಾದ್ರೆ ಮಬ್ಬು ಹೊರಗಡೇನೇ ಇದೆ, ಉಜ್ಜಿದ್ರೆ ಹೋಗುತ್ತೆ. "ಕಿಟಕಿನೇ ಗಲೀಜಿದ್ರೆ ದೀಪ ಏನ್ ಮಾಡುತ್ತೆ ಸಾರ್" ಅಂದ. ಗ್ಲಾಸ್ ಅಂತ ನಾವು ಕರೆಯೋದಷ್ಟೇ, ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯೋ ಮೇಲಿನ ಕೋಟಿಂಗ್ ಬಿಸಿಲಿಗೆ ಸವೆದ ಮೇಲೆ ಹಳದಿ ಆಗುತ್ತೆ.

ಟೂತ್‌ಪೇಸ್ಟ್ ಮೊದ್ಲೇ ಟ್ರೈ ಮಾಡಿದ್ದೆ, ಎರಡು ವಾರ ಚೆನ್ನಾಗಿತ್ತು ಅಷ್ಟೇ. ಈ ಸಲ ಭಾನುವಾರ ಬೆಳಿಗ್ಗೆ ಕೂತು ಸುತ್ತ ಪೇಂಟ್‌ಗೆ ಟೇಪ್ ಹಾಕಿ 800, 1500, 2000, 3000 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರಲ್ಲಿ ಉಜ್ಜೋ ಸ್ಯಾಂಡ್‌ಪೇಪರ್, ನಂಬರ್ ಹೆಚ್ಚಿದಷ್ಟೂ ನಯ) ನೀರು ಹಾಕ್ತಾ ಹಾಕ್ತಾ ಉಜ್ಜಿದೆ, ಮೊದಲ ಪೇಪರ್‌ಗೆ ಹಳದಿ ನೀರು ಇಳಿಯುತ್ತೆ, ಗ್ಲಾಸ್ ಇನ್ನೂ ಹಾಳಾದಂಗೆ ಕಾಣುತ್ತೆ, ಕೆಟ್ಟೋಯ್ತಲ್ಲಪ್ಪ ಅಂತ ಅಲ್ಲಿಗೇ ನಿಲ್ಲಿಸ್ಬೇಡಿ. ಒಂದು ಪೇಪರಿನ ಗೀರು ಪೂರ್ತಿ ಹೋಗೋವರೆಗೂ ಮುಂದಿನದಕ್ಕೆ ಹೋಗ್ಬಾರ್ದು, ನಾನು ಬಲಗಡೆ ಆತುರ ಮಾಡಿ 800ಕ್ಕೆ ವಾಪಸ್ ಬಂದೆ. ಕೊನೆಗೆ ಒಣಗಿಸಿ ಒರೆಸಿ ಯುವಿ ತಡೆಯೋ 2ಕೆ ಕ್ಲಿಯರ್ ಕೋಟ್ ಸ್ಪ್ರೇ (ಗಟ್ಟಿಯಾಗಿಸೋ ದ್ರವ ಬೆರೆಸಿ ಹೊಡೆಯೋ ಬಣ್ಣ ಇಲ್ಲದ ಪೇಂಟ್). ಇದನ್ನ ಬಿಟ್ರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಸ್ಪ್ರೇ ಹೊಡೆಯೋವಾಗ ಸರಿಯಾದ ಮಾಸ್ಕ್ ಬೇಕೇ ಬೇಕು, ಕರ್ಚೀಫ್ ಸಾಲಲ್ಲ, ಆ ಗ್ಯಾಸ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಬಲ್ಬ್ ವಿಷಯ ಆಮೇಲೆ. ಬೆಂಗಳೂರಿಗೆ ಹೋದಾಗ ಜೆಸಿ ರೋಡಲ್ಲಿ ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್ ಎಚ್4 ಬಲ್ಬ್ ಒಂದ್ ಜೊತೆ ತಗೊಂಡೆ, ಅದೇ 60/55 ವ್ಯಾಟ್ (ಹೈಗೆ 60, ಲೋಗೆ 55). ಡಬ್ಬದ ಮೇಲೆ 130 ಪರ್ಸೆಂಟ್‌ವರೆಗೂ ಜಾಸ್ತಿ ಬೆಳಕು ಅಂತ ಇದೆ, ಅದು ಕಾನೂನಿನ ಕನಿಷ್ಠ ಮಟ್ಟಕ್ಕೆ ಹೋಲಿಸಿ ಹೇಳೋದು, ಡಬಲ್ ಬೆಳಕು ಅಂತ ಆಸೆ ಇಟ್ಕೋಬೇಡಿ. ಆದ್ರೂ ದೂರ ಬೀಳೋ ಬೆಳಕಲ್ಲಿ ವ್ಯತ್ಯಾಸ ಕಾಣುತ್ತೆ, ಬಣ್ಣ ತೀರಾ ಬಿಳಿ ಅಲ್ಲ, ಮಳೇಲಿ ಅದೇ ಒಳ್ಳೇದು. ಇಂಥ ಬಲ್ಬ್ ಮಾಮೂಲಿ ಬಲ್ಬಿನಷ್ಟು ಬಾಳಿಕೆ ಬರಲ್ಲ, ರೇಟೂ ಜಾಸ್ತಿ. ಊರೊಳಗೆ ಮಾತ್ರ ಓಡ್ಸೋರಿಗೆ ಮಾಮೂಲಿ ಎಚ್4 ಧಾರಾಳ. ನೀಲಿ ಕೋಟಿಂಗ್ ಇರೋದು ಬೇಡ, ಆ ನೀಲಿ ಒಂದಷ್ಟು ಬೆಳಕನ್ನ ತಾನೇ ನುಂಗುತ್ತೆ. 100/90 ವ್ಯಾಟಿನದು ರಿಲೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡೋ ಸ್ವಿಚ್) ಇಲ್ದೆ ಹಾಕಿದ್ರೆ ಕಪ್ಲರ್ (ಬಲ್ಬಿಗೆ ಸಿಕ್ಕಿಸೋ ವೈರಿನ ಪ್ಲಗ್) ಕರಗ್ಬಹುದು. ಬಲ್ಬಿನ ಗಾಜಿಗೆ ಬೆರಳು ತಾಗಿಸ್ಬೇಡಿ, ಎಣ್ಣೆ ಅಂಶ ಅಂಟಿ ಆ ಜಾಗ ಬಿಸಿಯಾಗಿ ಬೇಗ ಹೋಗುತ್ತೆ. ಗೋಡೆ ಮುಂದೆ ನಿಲ್ಲಿಸಿ ಎರಡೂ ಲೈಟಿನ ಎತ್ತರ ಸರಿ ಮಾಡ್ಸಿದ್ದೂ ಆಯ್ತು.

ಉಜ್ಜಿದ್ದಕ್ಕೆ ಹತ್ತಕ್ಕೆ ಒಂಬತ್ತು, ಬಲ್ಬಿಗೆ ಏಳು. ಬಲಗಡೆ ಗ್ಲಾಸಲ್ಲಿ ಸ್ಪ್ರೇ ತೀರಾ ಹತ್ತಿರದಿಂದ ಹೊಡೆದು ಒಂದು ಕಡೆ ಕಣ್ಣೀರಿನಂಗೆ ಇಳಿದಿದೆ, ರಾತ್ರಿ ಏನೂ ತೊಂದ್ರೆ ಇಲ್ಲ, ಹಗಲೊತ್ತು ನೆಂಟರು ಬಂದಾಗ ಮಾತ್ರ ಆ ಕಡೆ ಗೋಡೆಗೆ ಒತ್ತಿ ಪಾರ್ಕ್ ಮಾಡ್ತೀನಿ.